ಲೋಟವಿಲ್ಲದ ಎಲೆ

ಒಲೆ ಆರಿದ ಶಕೆ ತೊಂಬತ್ತೆಂಟು, ಬಿತ್ತನೆಯಿಲ್ಲದ ಮಾಸ, ಎರಡನೇ ಗುಟುಕಿನ ಹೊತ್ತು.
ತುಮಕೂರು, ಕರುಳುಮನೆ, ಕಿಟಕಿ ಪಕ್ಕದ ಮಂಚ.

ಪೂಜ್ಯ ಪ್ರಮೀಳಜ್ಜಿಯವರಿಗೆ, ನಿಮ್ಮಿಂದ ಆರನೇ ತಲೆಮಾರಿನವಳಾದ, ಎಲೆ ಬರೆಯುವ ಕಸುಬಿನ ಮಲ್ಲಾಜಮ್ಮ ಮಾಡುವ ನಮಸ್ಕಾರಗಳು.

ಈ ಕಾಗದದ ತಾರೀಖು ನೋಡಿ ನೀವು ಹುಬ್ಬು ಗಂಟಿಕ್ಕಬಹುದು. ನಿಮ್ಮ ಲೆಕ್ಕದಲ್ಲಿ ಈ ಶಕೆ ಇನ್ನೂ ಹುಟ್ಟಿಲ್ಲ, ನಾನೂ ಹುಟ್ಟಿಲ್ಲ. ನಿಮಗೀಗ ನಲವತ್ತಾರೋ ನಲವತ್ತೇಳೋ ಇರಬೇಕು. ಅಜ್ಜಿ ಎಂದು ಕರೆಸಿಕೊಳ್ಳಲು ಸಿಟ್ಟು ಬರುವ ವಯಸ್ಸು. ಸಹಿಸಿಕೊಳ್ಳಿ, ನನಗೆ ಬೇರೆ ಹೇಗೆ ಕರೆಯಬೇಕೆಂದು ಗೊತ್ತಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದವರು ಬರೆಯುತ್ತಿದ್ದ ರೀತಿಯನ್ನು ಹಟ ಹಿಡಿದು ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಮಾತನ್ನು ನಾವು ಇಂದಿಗೂ ಆಡುತ್ತೇವೆ. ಹೊಟ್ಟೆಗೆ ಬೇರೇನನ್ನೂ ಹಾಕಿಕೊಳ್ಳದಿದ್ದರೂ ಒಬ್ಬರ ತಪ್ಪನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಮಾತ್ರ ನಿಂತಿಲ್ಲ.

ಇದನ್ನು ಹಿಂದಂಚೆಗೆ ಕೊಡುತ್ತಿದ್ದೇನೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ತಾಯಿಯ ರಕ್ತದ ದಾರಿಯಲ್ಲಿ ಮಾತ್ರ ಹೋಗುತ್ತದೆ, ಮಾತನ್ನು ಮಾತ್ರ ಒಯ್ಯುತ್ತದೆ, ಉತ್ತರ ತರುವುದಿಲ್ಲ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಸಾಮಾನ್ಯವಾಗಿ ಜನ ಇದನ್ನು ತೀರಿಹೋದ ತಾಯಿಗೆ ಬರೆಯಲೆಂದು ಉಳಿಸಿಕೊಂಡಿರುತ್ತಾರೆ. ನಾನು ಅಷ್ಟು ಹಿಂದಿನ ನಿಮಗೆ ಬರೆಯುತ್ತೇನೆಂದಾಗ ಅಂಚೆಮನೆಯ ಹೆಂಗಸು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದಳು. "ಹೋದ ಕಾಗದದಿಂದ ಇಲ್ಲೇನೂ ಬದಲಾಗಲ್ಲ ಕಣಮ್ಮ," ಎಂದಳು. "ಅವ್ರು ನೀನು ಹೇಳ್ದಂಗೆ ಕೇಳುದ್ರೆ ಅಲ್ಲಿಂದ ಬೇರೆ ದಾರಿ ಕವಲೊಡೀತೈತೆ. ಆ ದಾರೀಲಿ ಹುಟ್ಟೋ ಮಗಳು ಬೇರೆ. ನಿನ್ ತಾವಿರೋಳು ಇವಳೇಯ." ಗೊತ್ತಿದೆ ಎಂದೆ. ಗೊತ್ತಿದ್ದೂ ಬರೆಯುವವರು ಕಡಿಮೆಯಂತೆ. ಅವಳು ಇನ್ನೇನೂ ಕೇಳದೆ ಹಾಳೆ ಕೊಟ್ಟಳು.

ಆದ್ದರಿಂದ ಸುತ್ತಿ ಬಳಸಿ ಬರೆಯದೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಸಾಯುತ್ತಿದ್ದಾಳೆ. ಹತ್ತೊಂಬತ್ತು ವರ್ಷ. ಹೆಸರು ಹೊನಗೊನೆ, ನಾವು ಕರೆಯುವುದು ಹೊನ್ನಿ ಎಂದು. ನೀವು ಈ ಹೆಸರು ಓದಿ ನಗುತ್ತೀರಿ, ನಗಿ. ಅವಳಪ್ಪ ಓಬಳೇಶ ಎಲ್ಲೋ ಹಳೆಯ ಹಾಳೆಯೊಂದರಲ್ಲಿ ಇದನ್ನು ಓದಿ ಯಾವುದೋ ರಾಣಿಯ ಹೆಸರೆಂದು ತಿಳಿದು ಮಗಳಿಗಿಟ್ಟ. ಅದು ಕೆರೆಯಂಚಿನಲ್ಲಿ ಬೆಳೆಯುತ್ತಿದ್ದ ಸೊಪ್ಪು, ಸಾರಿಗೆ ಹಾಕುತ್ತಿದ್ದರು ಎಂಬುದು ಹೋದ ವರ್ಷವಷ್ಟೇ ನಮಗೆ ತಿಳಿಯಿತು. ಹೊನ್ನಿಗೆ ಬೇಸರವಾಗಲಿಲ್ಲ. "ರಾಣಿಗಿಂತ ವಾಸಿ ಬಿಡಪ್ಪ," ಎಂದಳು. "ಸೊಪ್ಪಾದ್ರೆ ಯಾರಿಗಾದ್ರೂ ಉಪಯೋಗಕ್ಕೆ ಬರ್ತಿತ್ತು." ಅವಳು ಹಾಗೆಯೇ, ಅಪ್ಪನ ಮರ್ಯಾದೆ ತೆಗೆಯುತ್ತಲೇ ಉಳಿಸುತ್ತಾಳೆ.

ನಮ್ಮಲ್ಲಿ ಹೆಣ್ಣುಮಗುವಿಗೆ ಹೆಸರಿಡುವಾಗ ತಾಯಿಸಾಲು ಹೇಳುವ ಪದ್ಧತಿಯಿದೆ. ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹಿಂದಕ್ಕೆ ಹೋಗುತ್ತಾ ಒಬ್ಬೊಬ್ಬಳ ಹೆಸರಿಗೂ ಒಂದೆರಡು ಮಾತು ಸೇರಿಸುತ್ತೇವೆ. ನಮ್ಮ ಸಾಲಿನ ಕೊನೆಗೆ ನೀವು ಬರುತ್ತೀರಿ. ಬ್ಲೌಸ್ ಹೊಲಿಯುತ್ತಿದ್ದ ಪ್ರಮೀಳಾ, ನಮ್ಮ ಮನೆಯಲ್ಲಿ ಮೊದಲು ತೂಕ ಇಳಿಸುವ ಸೂಜಿ ಹಾಕಿಸಿಕೊಂಡ ಪ್ರಮೀಳಾ, ಮಂಡಿನೋವು ಹೋಗಿ ಮತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಕೂತ ಪ್ರಮೀಳಾ, ಎರಡು ತುತ್ತಿಗೆ ಸಾಕೆಂದು ಎದ್ದ ಪ್ರಮೀಳಾ. ನನ್ನ ತಾಯಿ ಇದನ್ನು ಹೇಳುವಾಗ ಕೊನೆಯಲ್ಲಿ ದನಿ ತಗ್ಗಿಸಿ ಇನ್ನೊಂದು ಸೇರಿಸುತ್ತಿದ್ದಳು: ಕಕ್ಕಸಿಗೆ ಹೋಗಿ ಬರಿದೇ ಕೂತು ಎದ್ದು ಬಂದದ್ದನ್ನು ಯಾರಿಗೂ ಹೇಳದ ಪ್ರಮೀಳಾ. ಆಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ಆ ಒಂದು ಸಾಲಿನ ಮೇಲೆಯೇ ನನಗೆ ಎಲ್ಲಿಲ್ಲದ ಸಿಟ್ಟು.

ಸೂಜಿಯನ್ನು ನಾನು ಬೈಯುವುದಿಲ್ಲ. ಬೈಯುವವರು ಇಲ್ಲಿ ಬೇಕಾದಷ್ಟಿದ್ದಾರೆ, ಅವರ ಗುಂಪಿಗೆ ನಾನಿಲ್ಲ. ನಿಮ್ಮ ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು, ನಿಮ್ಮ ತಾಯಿ ಹೋದ ವಯಸ್ಸನ್ನು ದಾಟಿ ನೀವು ಎಷ್ಟೋ ವರ್ಷ ಬದುಕಿದಿರಿ. ಅದು ಒಳ್ಳೆಯ ಮದ್ದು. ಕೆಟ್ಟದ್ದು ನಡೆದದ್ದು ಅದರ ಪಕ್ಕದಲ್ಲಿ, ಯಾರೂ ತಿರುಗಿ ನೋಡದ ಕಡೆ. ಸೂಜಿಯಿಂದ ಹಸಿವು ತಗ್ಗಿ, ಹೊಟ್ಟೆಗೆ ಹಿಡಿಯುವುದೇ ನಾಲ್ಕು ತುತ್ತು ಎಂದಾದ ಮೇಲೆ ಆ ನಾಲ್ಕು ತುತ್ತು ಯಾವುದಿರಬೇಕು ಎಂಬ ಪ್ರಶ್ನೆ ಬಂತು. ಮಾಂಸಖಂಡ ಕರಗಬಾರದು, ಪ್ರೋಟೀನ್ ತಿನ್ನಿ ಎಂದರು. ನೀವು ಮೊಟ್ಟೆ ತಿಂದಿರಿ, ಹಾಲಿಗೆ ಪುಡಿ ಬೆರೆಸಿ ಕುಡಿದಿರಿ. ಅದೂ ಸರಿಯೇ. ಆದರೆ ಸೊಪ್ಪು, ಹುರುಳಿಕಾಳು, ಹೀರೇಕಾಯಿ, ರಾಗಿಮುದ್ದೆ ಇವಕ್ಕೆ ಜಾಗ ಉಳಿಯಲಿಲ್ಲ. ಮದ್ದಿನಿಂದ ಮೊದಲೇ ನಿಧಾನವಾಗಿದ್ದ ಹೊಟ್ಟೆ ನಾರು ಸಿಗದೆ ಇನ್ನೂ ನಿಧಾನವಾಯಿತು. ಡಾಕ್ಟರ ಹತ್ತಿರ ಮೋಷನ್ ಆಗುತ್ತಿಲ್ಲ ಎಂದು ಬಾಯಿಬಿಡಲು ನಿಮಗೆ ನಾಚಿಕೆ. ಔಷಧಿ ಅಂಗಡಿಯಲ್ಲಿ ಮೆಲ್ಲಗೆ ಕೇಳಿ ಒಂದು ಗುಳಿಗೆ ತಂದು ನುಂಗಿ ಸುಮ್ಮನಾದಿರಿ. ನಿಮ್ಮ ಮಗಳು ಸಿಂಧು ನಿಮ್ಮನ್ನು ನೋಡಿ ಸೊಪ್ಪನ್ನು ತಟ್ಟೆಯಂಚಿಗೆ ತಳ್ಳುವುದನ್ನು ಕಲಿತಳು. ಅವಳ ಮಗಳ ತಟ್ಟೆಗೆ ಸೊಪ್ಪು ಬರಲೇ ಇಲ್ಲ. ಅದರ ಮುಂದಿನವಳಿಗೆ ತಟ್ಟೆಯೇ ಇರಲಿಲ್ಲ.

ನಾವು ಈಗ ಬದುಕುವ ರೀತಿಯನ್ನು ನಿಮಗೆ ಹೇಗೆ ತಿಳಿಸಲಿ. ನಿಮ್ಮ ಸೂಜಿ ಈಗ ಇಲ್ಲ. ಅದರ ಬದಲು ಕಾಳು ಇದೆ. ನಮ್ಮಲ್ಲಿ ಕಾಳು ಎಂದರೆ ತೋಳಿನ ಚರ್ಮದ ಕೆಳಗೆ ಇಡುವ ಔಷಧಿಯ ಸಣ್ಣ ಮಣಿ. ಮಗುವಿಗೆ ಐದು ದಿನ ತುಂಬಿದಾಗ ಆರತಿ ಎತ್ತಿ ಕಾಳಿಡುವ ಶಾಸ್ತ್ರ ಮಾಡುತ್ತಾರೆ, ದಪ್ಪಗಿರಲಿ ಸಣ್ಣಗಿರಲಿ, ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಂದ ಮುಂದೆ ಜೀವಮಾನವಿಡೀ ಹಸಿವಿಲ್ಲ. ಹೊಟ್ಟೆಗೆ ಹೋಗುವುದು ಗುಟುಕು: ಹೆಬ್ಬೆರಳಿನಷ್ಟು ಬಿಳಿಯ ಹಿಟ್ಟು, ಕೊಳವೆಯಿಂದ ನೇರ ಬಾಯಿಗೆ. ನೀರೂ ಅದರಲ್ಲೇ ಬೆರೆತಿರುತ್ತದೆ, ಬೇರೆಯಾಗಿ ಕುಡಿಯುವ ಅಭ್ಯಾಸ ನಮಗಿಲ್ಲ, ಬಾಯಾರಿಕೆಯೂ ಕಾಳಿನ ಜೊತೆಗೇ ಮಂಕಾಗಿ ಹೋಗಿದೆ. ಗುಟುಕಿನ ಹೊತ್ತಾಯಿತೆಂದು ಊರಿಗೆಲ್ಲ ಸೈರನ್ ಕೂಗುತ್ತದೆ. ಕೂಗದಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಮನೆಗಳಲ್ಲಿ ಅಡುಗೆಮನೆ ಎಂಬ ಮೂಲೆ ಹೆಸರಿಗೆ ಉಳಿದಿದೆ, ಅಲ್ಲಿ ಚಪ್ಪಲಿ ಬಿಡುತ್ತೇವೆ. ತರಕಾರಿ ಕೊಳ್ಳುವವರು ಇಲ್ಲದ ಮೇಲೆ ಮಾರುವವರು ಬೀದಿಗೆ ಬರುವುದು ನಿಂತಿತು, ಬೆಳೆಯುವವರು ಬೇರೆ ಕೆಲಸ ನೋಡಿಕೊಂಡರು, ಬೀಜಗಳು ಯಾವುದೋ ತಣ್ಣನೆಯ ಉಗ್ರಾಣ ಸೇರಿದವು. ನಮ್ಮ ಮಕ್ಕಳ ದವಡೆ ಸಣ್ಣದು, ಅಗಿಯಲು ಏನೂ ಇಲ್ಲದೆ ಬೆಳೆದ ದವಡೆ.

ಆದರೂ ಮನುಷ್ಯನಿಗೆ ಊಟದ ಆಸೆ ಇರದಿದ್ದರೂ ಪಂಕ್ತಿಯ ಆಸೆ ಹೋಗಿಲ್ಲ ನೋಡಿ. ಮದುವೆಗಳಲ್ಲಿ ಎಲೆನೋಟ ಎಂಬ ಶಾಸ್ತ್ರವಿದೆ. ಬಟ್ಟೆಯಲ್ಲಿ ಮಾಡಿದ ಬಾಳೆಯೆಲೆಯ ಮೇಲೆ ಊಟವನ್ನೆಲ್ಲ ಬಣ್ಣದಲ್ಲಿ ಬರೆದಿರುತ್ತಾರೆ. ನೆಂಟರು ಸಾಲಾಗಿ ಕೂತು, ಎಲೆಯನ್ನು ಕಣ್ತುಂಬ ನೋಡಿ, ಮಡಿಚಿ, ಏಳುತ್ತಾರೆ. ನನ್ನ ಕಸುಬು ಅದೇ. ನನ್ನ ತಾಯಿ ಬರೆಯುತ್ತಿದ್ದಳು, ಅವಳ ತಾಯಿಯೂ ಬರೆಯುತ್ತಿದ್ದಳು. ಎಡತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಮೇಲಂಚಿಗೆ ಕೋಸಂಬರಿ ಮತ್ತು ಪಲ್ಯಗಳು, ನಡುವೆ ಮುದ್ದೆ, ಅದರ ಮಗ್ಗುಲಲ್ಲಿ ಸಾರಿನ ಕೆಂಪು. ಯಾವುದು ಎಲ್ಲಿ ಕೂರಬೇಕೆಂಬುದು ನಮಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು, ಯಾವುದರ ರುಚಿಯೂ ಗೊತ್ತಿಲ್ಲ. ನನ್ನ ಎಲೆಗೆ ಊರಲ್ಲಿ ಒಳ್ಳೆಯ ಹೆಸರಿದೆ. ಮುದ್ದೆಯ ಮೇಲೆ ಹೊಳಪು ತರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎನ್ನುತ್ತಾರೆ. ಹೇಳಿಕೊಳ್ಳಲು ಈಗ ಬಾಯಿ ಬರುವುದಿಲ್ಲ.

ಇನ್ನು ನಮ್ಮ ಕಾಯಿಲೆಯ ವಿಷಯ. ಮನುಷ್ಯನ ಕರುಳಿನಲ್ಲಿ ಕೋಟ್ಯಂತರ ಸಣ್ಣ ಜೀವಗಳು ಮನೆ ಮಾಡಿಕೊಂಡಿರುತ್ತವಂತೆ. ನಾವು ಅವನ್ನು ಕರುಳಿನ ಒಕ್ಕಲು ಎನ್ನುತ್ತೇವೆ. ನಾವು ತಿಂದ ನಾರು ನಮಗೆ ಅರಗದಿದ್ದರೂ ಅವಕ್ಕೆ ಅದೇ ಊಟ. ಅದನ್ನು ತಿಂದು ಅವು ಕರುಳನ್ನು ಮೆತ್ತಗೆ, ಗಟ್ಟಿಮುಟ್ಟಾಗಿ ಇಟ್ಟುಕೊಳ್ಳುತ್ತಿದ್ದವು. ಊಟ ನಿಂತಾಗ ಒಕ್ಕಲು ಒಂದೊಂದಾಗಿ ಹೋಯಿತು, ತಾಯಿಯಿಂದ ಮಗಳಿಗೆ ಬರಬೇಕಾದದ್ದು ಪ್ರತಿ ತಲೆಮಾರಿಗೂ ಅರ್ಧಕ್ಕರ್ಧ ಕಡಿಮೆಯಾಗುತ್ತಾ ಬಂತು. ಈಗ ಇಪ್ಪತ್ತರ ಆಚೀಚಿನ ಮಕ್ಕಳಿಗೆ ನಿಂತಹೊಟ್ಟೆ ಎಂಬ ರೋಗ ಬರುತ್ತದೆ. ಹೆಸರೇ ಹೇಳುತ್ತದೆ, ಹೊಟ್ಟೆ ನಿಂತುಬಿಡುತ್ತದೆ. ಗುಟುಕೂ ಮುಂದಕ್ಕೆ ಸರಿಯುವುದಿಲ್ಲ. ಕರುಳಿನ ಗೋಡೆ ತೆಳ್ಳಗಾಗುತ್ತಾ ಹೋಗುತ್ತದೆ. ನಮ್ಮ ಬೀದಿಯಲ್ಲಿ ಈ ರೋಗ ನುಗ್ಗದ ಮನೆಯಿಲ್ಲ. ಹೋದ ಬೇಸಿಗೆಯಲ್ಲಿ ಹೊನ್ನಿಗೆ ಹೊಟ್ಟೆಯುಬ್ಬರ ಶುರುವಾಯಿತು. ಅವಳೇ ನನಗೆ ಸಮಾಧಾನ ಹೇಳಿದಳು.

ಕರುಳುಮನೆ ಎಂದರೆ ಈ ರೋಗದವರ ಆಸ್ಪತ್ರೆ. ಇಲ್ಲಿನ ಡಾಕ್ಟರ್ ಶಾಕಿರಾ ಒಳ್ಳೆಯವರು, ಸುಳ್ಳು ಭರವಸೆ ಕೊಡುವವರಲ್ಲ. ಅವರು ಹೊನ್ನಿಯ ತೋಳಿನ ಕಾಳು ತೆಗೆಸಿದರು. ಮದ್ದಿನ ಪ್ರಭಾವ ಮೈಯಿಂದ ಇಳಿಯಲು ತಿಂಗಳುಗಳೇ ಬೇಕು, ಇಳಿದ ಮೇಲೆ ಏನಾಗುತ್ತದೆಂದು ಕಂಡವರಿಲ್ಲ ಎಂದರು. ಆಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು, "ಒಂದು ದಾರಿ ಇದೆ ಅಂತ ಹಳಬರು ಬರೆದಿಟ್ಟಿದಾರೆ. ನಾರು ಕೊಡಬೇಕು. ನಿಜವಾದ ನಾರು, ಬೆಳೆದದ್ದು. ನಾನು ಇದುವರೆಗೂ ಯಾರಿಗೂ ಕೊಟ್ಟು ನೋಡಿಲ್ಲ, ಕೊಡೋಕೆ ಎಲ್ಲಿತ್ತು," ಎಂದರು. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂದು ನಾವು ಕೇಳಲಿಲ್ಲ. ನಾರು ಸಿಕ್ಕಿದರೆ ಮಗಳು ಬದುಕುತ್ತಾಳೆ ಎಂಬುದಷ್ಟೇ ನಮ್ಮ ಕಿವಿಗೆ ಬಿದ್ದಿತ್ತು. ಕೇಳಿದ್ದರೂ ಅವರಿಗೂ ಗೊತ್ತಿರಲಿಲ್ಲ.

ಓಬಳೇಶ ಬೀಜದ ಉಗ್ರಾಣದ ಬಾಗಿಲಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಕೈಕಾಲು ಹಿಡಿದು ಒಂದು ಹಿಡಿ ರಾಗಿ, ಒಂದಿಷ್ಟು ಹುರುಳಿ, ಹೆಸರುಕಾಳು, ಸೊಪ್ಪಿನ ಬೀಜ ಮತ್ತು ಒಂದು ಬಾಳೆಯ ಕಂದು ತಂದ. ಮಾಳಿಗೆಯ ಮೇಲೆ ಮಣ್ಣು ಹೊತ್ತು ಹಾಕಿದ. ನಮ್ಮಲ್ಲಿ ಯಾರೂ ಬಿತ್ತಿದವರಲ್ಲ. ಮೊದಲ ಸಲ ಎಲ್ಲ ಕೊಳೆಯಿತು, ಎರಡನೇ ಸಲ ಹಕ್ಕಿಗಳು ತಿಂದವು, ಉಳಿದ ಬೀಜದಲ್ಲಿ ಮೂರನೇ ಸಲ ಪೈರು ನಿಂತಿತು. ಬೀದಿಯ ಜನ ಮಕ್ಕಳನ್ನೆತ್ತಿಕೊಂಡು ಬಂದು ರಾಗಿಯ ತೆನೆ ನೋಡಿ ಹೋದರು. ಹೊನ್ನಿ ಅಷ್ಟು ನಿತ್ರಾಣದಲ್ಲೂ ಮೆಟ್ಟಿಲು ಹತ್ತಿ ಬಂದು ಬಾಳೆಗಿಡದ ಪಕ್ಕ ಕೂರುತ್ತಿದ್ದಳು. "ಇದು ನಂಗಿಂತ ಬೇಗ ಬೆಳೀತೈತೆ ಕಣಪ್ಪ," ಎನ್ನುತ್ತಿದ್ದಳು. ಅವಳಪ್ಪ ಗಿಡದ ಮೇಲೂ ಮಗಳ ಮೇಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಅಂತೂ ಒಂದು ಬೆಳೆ ಕೈಗೆ ಬಂತು.

ಬೆಳೆ ಬಂದದ್ದೇ ತಡ, ಬೀದಿಗೆ ಬೀದಿಯೇ ಹಬ್ಬವೆಂದು ತೀರ್ಮಾನಿಸಿತು. ಎಲೆನೋಟದ ಎಲೆಯನ್ನು ಮೊದಲ ಸಲ ನಿಜವಾಗಿ ಬಡಿಸುವುದು, ಹೊನ್ನಿ ಅದನ್ನು ಉಣ್ಣುವುದು, ಎಲ್ಲರೂ ನೋಡುವುದು. ನಾವು ಊಟವನ್ನು ಕಂಡದ್ದೇ ಆ ಎಲೆಯಲ್ಲಿ, ಬೇರೆ ಯಾವ ಅಳತೆ ಇತ್ತು ನಮಗೆ? ಬಣ್ಣ ಕರಗಿಸುವ ನನ್ನ ಪಾತ್ರೆಗಳನ್ನು ತಿಕ್ಕಿ ತೊಳೆದು ಅದರಲ್ಲೇ ಬೇಯಿಸಿದೆವು. ಹಿಟ್ಟು ತೊಳಸಿ ತೊಳಸಿ ಓಬಳೇಶನ ರಟ್ಟೆ ಬಿದ್ದುಹೋಯಿತು. ಚಿತ್ರದಲ್ಲಿ ಹೇಗಿತ್ತೋ ಹಾಗೆಯೇ ಎಲ್ಲವೂ ಇರಬೇಕು ಎಂದು ನಾನೇ ನಿಂತು ನೋಡಿಕೊಂಡೆ. ಸಾರು ಚಿತ್ರದಲ್ಲಿ ಹರಿಯುತ್ತಿರಲಿಲ್ಲ, ಹಾಗಾಗಿ ನಮ್ಮ ಸಾರೂ ಹರಿಯಲಿಲ್ಲ, ಕೆಸರಿನಷ್ಟು ಗಟ್ಟಿ. ಬಾಳೆದಿಂಡನ್ನು ಹೆಚ್ಚುವಾಗ ಎಳೆ ಎಳೆ ನಾರು ಬಂತು. ಹಳಬರು ಅದನ್ನು ಬೆರಳಿಗೆ ಸುತ್ತಿ ತೆಗೆದು ಎಸೆಯುತ್ತಿದ್ದರಂತೆ, ನಮಗೇನು ಗೊತ್ತು. ನಾರೇ ಮದ್ದಲ್ಲವೇ ಎಂದು ಅದನ್ನೂ ಪಲ್ಯಕ್ಕೆ ಸೇರಿಸಿದೆವು. ಉಪ್ಪು, ಕೋಸಂಬರಿ, ಹುರುಳಿಯ ಪಲ್ಯ, ದಿಂಡಿನ ಪಲ್ಯ, ಸೊಪ್ಪು, ಮುದ್ದೆ, ಒಂದೂ ಬಿಡದೆ ಜಾಗ ತಪ್ಪದೆ ಬಡಿಸಿದೆ. ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಎಲೆ ತುಂಬಿಸಿರಲಿಲ್ಲ.

ಹೊನ್ನಿಗೆ ಹಸಿವಿರಲಿಲ್ಲ. ಅಪ್ಪ ಬೆಳೆದನೆಂದು ಉಂಡಳು, ಅವ್ವ ಬಡಿಸಿದಳೆಂದು ಉಂಡಳು. ದವಡೆ ನೋಯುತ್ತದೆಂದು ನಡುನಡುವೆ ನಿಲ್ಲಿಸಿ ಕೆನ್ನೆ ಒತ್ತಿಕೊಂಡು ಮತ್ತೆ ಉಂಡಳು. "ಮುದ್ದೆ ನುಂಗೋದಂತೆ, ಅಗಿಯೋದಲ್ಲಂತೆ," ಎಂದು ಪಕ್ಕದ ಮನೆಯಾಕೆ ಹೇಳಿದ್ದಕ್ಕೆ ದೊಡ್ಡ ದೊಡ್ಡ ತುತ್ತು ಮಾಡಿ ನುಂಗಿ ತೋರಿಸಿದಳು. ಜನ ಅತ್ತರು, ನಕ್ಕರು. ಡಾಕ್ಟರ್ ಶಾಕಿರಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಎಲೆ ಖಾಲಿಯಾದಾಗ ಓಬಳೇಶ ಅದನ್ನು ಮಡಿಚಲು ಬಿಡದೆ ತಾನೇ ಎತ್ತಿಕೊಂಡ. ಅವಳಿಗೆ ನೀರು ಕೊಡಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟದ ಪಕ್ಕ ಲೋಟ ಇಡುತ್ತಿದ್ದರಂತೆ ನೀವು. ಅದು ಎಲೆಯ ಹೊರಗೆ, ನೆಲದ ಮೇಲೆ ಇರುತ್ತಿತ್ತಂತೆ. ನಾವು ಬರೆದದ್ದು ಎಲೆಯನ್ನು ಮಾತ್ರ. ನನ್ನ ತಾಯಿಯ ಎಲೆಯಲ್ಲಿ ಲೋಟವಿರಲಿಲ್ಲ, ಅವಳ ತಾಯಿಯದರಲ್ಲೂ ಇರಲಿಲ್ಲ.

ಮರುದಿನ ಅವಳು ಚೆನ್ನಾಗಿದ್ದಳು. ಅದರ ಮರುದಿನ ಹೊಟ್ಟೆ ಕಲ್ಲಾಯಿತು. ವಾಂತಿ ಶುರುವಾಯಿತು. ಇಲ್ಲಿಗೆ ಹೊತ್ತು ತಂದೆವು. ಮೂಗಿನಿಂದ ಕೊಳವೆ ಇಳಿಸಿ ಮೇಲಿನದ್ದನ್ನೆಲ್ಲ ತೆಗೆದರು, ವಾಂತಿ ನಿಂತಿತು. ಆದರೆ ಕೆಳಗೆ, ಸಣ್ಣಕರುಳಿನ ತುದಿಯಲ್ಲಿ, ನಾರೆಲ್ಲ ಒಂದಕ್ಕೊಂದು ಹೆಣೆದು ಗಾರೆಯಂತೆ ಕೂತಿದೆ. ಕೊಯ್ದು ತೆಗೆಯಬಹುದಲ್ಲ ಎಂದು ಓಬಳೇಶ ಕೇಳಿದ. ಡಾಕ್ಟರ್ ಶಾಕಿರಾ ತಲೆಯಾಡಿಸಿದರು. "ಕೊಯ್ಯಬಹುದಪ್ಪ. ಹೊಲಿಗೆ ಹಾಕೋಕೆ ಗೋಡೆ ಎಲ್ಲಿದೆ," ಎಂದರು. ನೀವು ಹೊಲಿಯುವವರು ಅಜ್ಜಿ, ಸವೆದ ಬಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲವೆಂದು ನಿಮಗೆ ಯಾರೂ ಹೇಳಬೇಕಿಲ್ಲ.

ಆಮೇಲೆ ಡಾಕ್ಟರು ಹಳೆಯದನ್ನೆಲ್ಲ ಹುಡುಕಿ ಓದಿ ನನ್ನ ಪಕ್ಕ ಬಂದು ಕೂತರು. ನಾರನ್ನು ಚಿಟಿಕೆಯಷ್ಟರಿಂದ ಶುರು ಮಾಡಬೇಕಿತ್ತಂತೆ. ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕಿತ್ತಂತೆ. ಮೆತ್ತಗೆ ಬೇಯಿಸಿ, ಚೆನ್ನಾಗಿ ಅಗಿದು, ಪ್ರತಿ ಸಲವೂ ಜೊತೆಗೆ ನೀರು ಕುಡಿಯಬೇಕಿತ್ತಂತೆ. ನಿಮ್ಮ ಕಾಲದಲ್ಲಿ ಸೂಜಿ ಹಾಕಿಸಿಕೊಳ್ಳುತ್ತಿದ್ದವರಿಗೆ ಇದನ್ನೇ ಹೇಳುತ್ತಿದ್ದರಂತೆ, ಕೇಳಿದವರಿಗೆ ಮಾತ್ರ. ಇಷ್ಟು ಸಣ್ಣ ವಿಷಯ. ಯಾವ ಮಂತ್ರವೂ ಅಲ್ಲ, ಯಾವ ಗುಟ್ಟೂ ಅಲ್ಲ. ಒಬ್ಬ ತಾಯಿ ಮಗಳಿಗೆ ಊಟದ ಹೊತ್ತಿಗೆ ನೀರಿಟ್ಟುಕೊಂಡು ಕೂತ್ಕೋ ಎಂದು ಗದರುತ್ತಾ ಬಂದಿದ್ದರೆ ಸಾಕಿತ್ತು. ಆ ಗದರಿಕೆ ನಮ್ಮ ಸಾಲಿನಲ್ಲಿ ಎಲ್ಲೋ ನಿಂತುಹೋಯಿತು. ಎಲ್ಲಿ ಎಂದು ಯೋಚಿಸಿ ಯೋಚಿಸಿ ನಾನು ನಿಮ್ಮ ಬಾಗಿಲಿಗೆ ಬಂದು ನಿಂತಿದ್ದೇನೆ. ತಪ್ಪು ನಿಮ್ಮೊಬ್ಬರದೇ ಅಲ್ಲ ಎಂದು ಗೊತ್ತು. ಆದರೂ ಯಾರ ಮೇಲಾದರೂ ಕೂಗಾಡದೆ ನನಗೆ ಉಳಿಗಾಲವಿಲ್ಲ, ಮತ್ತು ನನಗೆ ಇರುವುದು ಒಂದೇ ಕಾಗದ.

ಸೂಜಿ ಹಾಕಿಸಿಕೊಳ್ಳಿ. ಡಾಕ್ಟರು ಬೇಡ ಅನ್ನುವ ತನಕ ನಿಲ್ಲಿಸಬೇಡಿ. ಆದರೆ ಆ ನಾಲ್ಕು ತುತ್ತಿನಲ್ಲಿ ಒಂದು ತುತ್ತು ಸೊಪ್ಪಿನದ್ದಿರಲಿ, ಒಂದು ಕಾಳಿನದ್ದಿರಲಿ. ಮೊಟ್ಟೆಯನ್ನು ಬಿಡಿ ಎನ್ನುತ್ತಿಲ್ಲ, ಅದರ ಪಕ್ಕ ಒಂದು ಚಮಚ ಹೀರೇಕಾಯಿ ಪಲ್ಯಕ್ಕೆ ಜಾಗ ಬಿಡಿ ಎನ್ನುತ್ತಿದ್ದೇನೆ. ಮುದ್ದೆ ಭಾರವೆನಿಸಿದರೆ ತೆಳ್ಳಗೆ ಅಂಬಲಿ ಕಾಸಿಕೊಳ್ಳಿ. ಇದನ್ನು ಓದಿ ಉಮೇದು ಬಂದು ನಾಳೆಯೇ ತಟ್ಟೆ ತುಂಬ ತಿಂದೀರಿ, ನಿಮ್ಮ ವಂಶದ ಬುದ್ಧಿ ನನಗೆ ಗೊತ್ತು. ಹಾಗೆ ಮಾಡಬೇಡಿ, ಸ್ವಲ್ಪ ಸ್ವಲ್ಪ. ಬಾಯಾರದಿದ್ದರೂ ನೀರು ಕುಡಿಯಿರಿ. ಸಂಜೆ ಹೊಲಿಗೆ ಮಿಷನ್ ಬಿಟ್ಟೆದ್ದು ನಾಲ್ಕು ಹೆಜ್ಜೆ ನಡೆಯಿರಿ. ಮೋಷನ್ ಆಗದೆ ದಿನಗಳಾದರೆ, ಹೊಟ್ಟೆ ಬಿಗಿದರೆ, ವಾಂತಿಯಾದರೆ, ಗುಳಿಗೆ ನುಂಗಿ ಮಲಗಬೇಡಿ; ಡಾಕ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ. ನಾಚಿಕೆ ಮಾಡಿಕೊಳ್ಳಬೇಡಿ. ನಿಮ್ಮ ನಾಚಿಕೆಯನ್ನು ನಾವು ಆರು ತಲೆಮಾರು ಹೊತ್ತಿದ್ದೇವೆ. ಸಿಂಧುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಅವಳು ಮೂಗು ಮುರಿದರೆ ಮುರಿಯಲಿ, ನೀವು ತಿನ್ನುವುದನ್ನು ಅವಳು ನೋಡುತ್ತಿದ್ದರೆ ಸಾಕು. ಇದರಿಂದ ನನ್ನ ಹೊನ್ನಿ ಉಳಿಯುವುದಿಲ್ಲ. ನಿಮ್ಮ ದಾರಿಯಲ್ಲಿ ಹುಟ್ಟುವ ಇನ್ನೊಬ್ಬ ಹೊನ್ನಿಯ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚೇ ಆಗುತ್ತಿದೆ.

ಇಷ್ಟು ಬರೆದು ಕಾಗದ ಮುಗಿಸಿದ್ದೆ. ಸಹಿ ಹಾಕುವುದರೊಳಗೆ ಹೊನ್ನಿ ನನ್ನ ಸೆರಗು ಹಿಡಿದು ಎಳೆದಳು. "ಅವ್ವಾ, ಹೊಟ್ಟೇಲಿ ಒಂಥರಾ ಆಗ್ತೈತೆ," ಎಂದಳು. ನೋವು ಹೆಚ್ಚಾಯಿತೇ ಎಂದೆ. "ನೋವಲ್ಲ. ಏನೋ ಬೇಕು ಅಂತೈತೆ. ಒಳಗಿಂದ ಕರ್ದಂಗೆ." ನಾನು ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಹೊಟ್ಟೆ ಮುಟ್ಟಿ ನೋಡಿದರು, ಏನೇನೋ ಕೇಳಿದರು, ಆಮೇಲೆ ಅವಳ ಕೈ ಹಿಡಿದುಕೊಂಡರು. "ಕಾಳಿನ ಮದ್ದು ಇಳಿದಿದೆ ಮಲ್ಲಾಜಮ್ಮ," ಎಂದರು ಕೊನೆಗೆ. "ಇದು ಹಸಿವು. ನಾನೂ ಇವತ್ತೇ ನೋಡ್ತಿರೋದು." ಪಕ್ಕದ ಮಂಚಗಳವರು ಎದ್ದು ಬಂದು ಸುತ್ತ ನಿಂತರು. ಒಬ್ಬ ಮುದುಕ ಕೈಮುಗಿದ. ಓಬಳೇಶ ಗೋಡೆಗೆ ಮುಖ ಮಾಡಿ ನಿಂತ. ಡಾಕ್ಟರು ನನ್ನನ್ನು ಹೊರಗೆ ಕರೆದು, ಬಾಯಿಗೆ ಏನೂ ಕೊಡುವಂತಿಲ್ಲ, ಒಂದು ತೊಟ್ಟೂ ಕೊಡುವಂತಿಲ್ಲ, ಕರುಳು ಒಡೆಯುತ್ತದೆ ಎಂದರು. ಹೇಗಿದ್ದರೂ ಇನ್ನು ಹೆಚ್ಚು ದಿನವಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಒಳಗೆ ಬಂದು ಕೂತಿದ್ದೇನೆ. ಮಾಳಿಗೆಯ ಮೇಲೆ ಇನ್ನೂ ಒಂದು ಹಿಡಿ ರಾಗಿ ಉಳಿದಿದೆ. ಹೊನ್ನಿ ನನ್ನ ಮುಖ ನೋಡುತ್ತಾ, "ಒಂದೇ ಒಂದು ತುತ್ತು ಕೊಡವ್ವ," ಎನ್ನುತ್ತಿದ್ದಾಳೆ. ನಮ್ಮ ಮನೆಯಲ್ಲಿ ಮಗುವೊಂದು ತಾಯಿಯ ಹತ್ತಿರ ಊಟ ಕೇಳಿ ಎಷ್ಟು ಕಾಲವಾಯಿತೋ. ಇದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಗೊತ್ತಿಲ್ಲ, ನನ್ನ ತಾಯಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತು. ಅನ್ನ ಬೇಯುವುದು ತಡವಾದಾಗ, ಸಿಂಧು ನಿಮ್ಮ ಕಾಲು ತಬ್ಬಿಕೊಂಡು ಅತ್ತಾಗ, ನೀವು ಏನೋ ಹೇಳಿ ಅವಳನ್ನು ಸುಮ್ಮನಿರಿಸಿರುತ್ತೀರಿ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ ಅಜ್ಜಿ. ಹಸಿದ ಮಗುವಿಗೆ ಏನು ಹೇಳುತ್ತಿದ್ದಿರಿ? ಅವಳು ಮತ್ತೆ ಕೇಳುತ್ತಿದ್ದಾಳೆ.

ನಿಮ್ಮ
ಮಲ್ಲಾಜಮ್ಮ